ಮೀಸೆಯ ಹಿಂದಿನ ಮಾತು

ಫೆಬ್ರವರಿ ೩

ಉದ್ದಿ,

ಕವರಿನ ಮೇಲಿನ ಕೈಬರಹ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಇಷ್ಟು ವರ್ಷ ಒಂದು ಸಾಲೂ ಬರೆಯದವಳಿಗೆ ಈಗ ಏನು ಬಂತು ಎಂದು ಹುಬ್ಬೇರಿಸುತ್ತೀಯ. ಏರಿಸು. ಆದರೆ ಓದದೆ ಒಲೆಗೆ ಹಾಕಬೇಡ. ನೀನು ಹೇಳಿದ್ದೇ ನಿಜವಾಯಿತು. ಈ ಒಂದು ವಾಕ್ಯ ಬರೆಯುವುದಕ್ಕೆ ಎರಡು ಹಾಳೆ ಹರಿದು ಹಾಕಿದ್ದೇನೆ.

ನಾನು ಜ್ವರ ಬಂದು ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದಾಗ ತಮ್ಮ ಒಂದು ಕಾಗದ ತಂದಿದ್ದನಲ್ಲ, ಅದು ನಿನಗೆ ಮರೆತಿರಲಾರದು. ಮಿಲ್ಲು ಮುಚ್ಚಿ ಕೆಲವೇ ತಿಂಗಳಾಗಿತ್ತು. ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಸಹಾಯಧನ ನನಗೆ ಆಗತಾನೇ ಮಂಜೂರಾಗಿತ್ತು. "ನೀನು ಹಾಸಿಗೆ ಹಿಡಿದಿದೀಯ, ನಾನೇ ಹೋಗಿ ತಗೊಂಡು ಬರ್ತೀನಿ, ಇಲ್ಲೊಂದು ರುಜು ಹಾಕಕ್ಕ" ಎಂದ. ನೀನು ಮಂಚದ ಕಾಲಿನ ಹತ್ತಿರ ನಿಂತು "ಓದಿ ಹಾಕೇ" ಎಂದೆ. ನಾನು ಏನು ಹೇಳಿದೆ ಎಂದು ಮತ್ತೆ ಬರೆಯುವುದಿಲ್ಲ. ನೀನು ಹಣ್ಣಿನ ಚೀಲವನ್ನು ಕಿಟಕಿಯಲ್ಲಿಟ್ಟು ಹೋದವಳು ತಿರುಗಿ ನೋಡಲಿಲ್ಲ.

ಹೋದ ವಾರ ಸಹಾಯಧನದ ಕಚೇರಿಗೆ ಒಬ್ಬಳೇ ಹೋಗಿದ್ದೆ. ಕಿವಿಗೆ ಹಾಕುವ ಹೊಸ ನಮೂನೆಯ ಯಂತ್ರ ಕೊಡುತ್ತಾರೆಂದು ಯಾರೋ ಹೇಳಿದ್ದರು, ವಿಚಾರಿಸೋಣವೆಂದು. ಗಾಜಿನ ಆಚೆ ಕೂತಿದ್ದ ಹುಡುಗಿ ನನ್ನ ಹೆಸರು ಕಂಪ್ಯೂಟರಿನಲ್ಲಿ ನೋಡಿದಳು, ನನ್ನ ಮುಖ ನೋಡಿದಳು, ಮಾತಾಡುವ ಕಿಂಡಿ ಮುಚ್ಚಿ ಪಕ್ಕದವಳ ಕಡೆ ತಿರುಗಿದಳು.

"ಇವ್ರಿಗೆ ತಿಳಿವಳಿಕೆ ಇಲ್ಲ ಅಂತಿದೆ ಕಣೆ. ದುಡ್ಡೆಲ್ಲ ತಮ್ಮನೇ ತಗೊಳ್ಳೋದು. ಇವ್ರ ಹತ್ರ ಏನು ಮಾತಾಡೋದು?"

"ನೋಡಿದ್ರೆ ಹಾಗೇನೂ ಅನ್ಸಲ್ವಲ್ಲ."

"ಅನ್ಸಲ್ಲ. ಆದ್ರೆ ವರ್ಷ ವರ್ಷಾನೂ ತಮ್ಮ ಬಂದು, ಸ್ಥಿತಿ ಹಾಗೇ ಇದೆ, ಏನೂ ಸುಧಾರಿಸಿಲ್ಲ ಅಂತ ಬರ್ಕೊಟ್ಟು ಹೋಗ್ತಾರೆ. ಪಾಪ."

ಕಿಂಡಿ ಮುಚ್ಚಿದರೆ ಸದ್ದು ನಿಲ್ಲುತ್ತದೆ, ತುಟಿ ನಿಲ್ಲುವುದಿಲ್ಲವಲ್ಲ. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ತುಟಿಯಲ್ಲೇ ಸುದ್ದಿ ಹೇಳಿ, ತುಟಿಯಲ್ಲೇ ಜಗಳವಾಡಿ, ಮೇಸ್ತ್ರಿ ಎದುರಿಗೇ ಅವನನ್ನು ಆಡಿಕೊಂಡವರು ನಾವು. ಆ ಹುಡುಗಿಗೆ ಅದೇನು ಗೊತ್ತು? ಒಂದಕ್ಷರ ಬಿಡದೆ ಓದಿಕೊಂಡೆ. ಅದೂ ತಮ್ಮ ತನ್ನ ಕನ್ನಡಕದ ಅಂಗಡಿಯಲ್ಲಿ ಮಾಡಿಸಿಕೊಟ್ಟ ಕನ್ನಡಕದಲ್ಲಿ. ನಕ್ಕು, ಕೈ ಮುಗಿದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಲ್ಲಿ ಕೂತಾಗ ಅವನ ಮೀಸೆ ನೆನಪಾಯಿತು. ನೀನು ನೋಡಿಲ್ಲ ಅದನ್ನು. ನೀನು ಊರು ಬಿಟ್ಟ ವರ್ಷ ಬೆಳೆಸಲು ಶುರು ಮಾಡಿದ, ಬಟ್ಟೆ ಉಜ್ಜುವ ಬ್ರಷ್ಷಿನ ಹಾಗೆ ಮೇಲ್ದುಟಿ ದಾಟಿ ಕೆಳದುಟಿಗೂ ಇಳಿಯುತ್ತದೆ. ಅವನ ಮಾತು ನನಗೆ ಅರ್ಧಂಬರ್ಧ ಆಗಿದ್ದು ಆಗಿನಿಂದ. ನನಗೇ ವಯಸ್ಸಾಯಿತು, ಓದುವ ಚುರುಕು ಹೋಯಿತು ಅಂದುಕೊಂಡಿದ್ದೆ. ಈಗ ಆ ಮೀಸೆ ಶೋಕಿಗೆ ಬಿಟ್ಟದ್ದೋ ಪರದೆಗೆ ಬಿಟ್ಟದ್ದೋ ಎಂದು ಅನುಮಾನ ಹತ್ತಿದೆ.

ನಾನೀಗ ಏನು ಮಾಡಬಹುದು? ನಿನ್ನೂರಿನ ಕೋರ್ಟಿನಲ್ಲಿ ಫೀಸಿಲ್ಲದೆ ಸಲಹೆ ಕೊಡುವ ವಕೀಲರಿದ್ದಾರಂತೆ, ಒಮ್ಮೆ ಕೇಳುತ್ತೀಯಾ? "ನಾನು ಆಗಲೇ ಹೇಳಿದ್ದೆ" ಎನ್ನುವುದಿದ್ದರೆ ಒಂದೇ ಸಲ ಹೇಳಿ ಮುಗಿಸಿಬಿಡು. ಉತ್ತರ ಮನೆಗೆ ಹಾಕಬೇಡ, ಹಿಂದಿನ ಬೀದಿಯ ಬೇಕರಿಯವಳ ವಿಳಾಸ ಕೆಳಗಿದೆ.

ನಿನ್ನ (ಇನ್ನೂ ಹಾಗೆ ಬರೆಯಬಹುದಾದರೆ)
ಲಾಳಿ

*

ಫೆಬ್ರವರಿ ೧೨

ಲಾಳಿ,

ನಾನು ಆಗಲೇ ಹೇಳಿದ್ದೆ. ಮುಗಿಯಿತು, ಇನ್ನು ಹೇಳುವುದಿಲ್ಲ.

ನಿನ್ನ ಕಾಗದ ಬಂದ ದಿನ ಮಗಳ ಲಾಂಡ್ರಿಯಲ್ಲಿ ಹೋಟೆಲಿನ ಚಾದರಗಳಿಗೆ ತೇಪೆ ಹಾಕುತ್ತಿದ್ದೆ. ಒಂದು ಚಾದರಕ್ಕೆ ನನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟೆ. ಮಗಳು "ಯಾರಮ್ಮ ಸತ್ತಿದ್ದು?" ಎಂದು ಕೇಳಿದಳು. "ಯಾರೂ ಸತ್ತಿಲ್ಲ, ಒಬ್ಳು ಬದುಕಿದಾಳೆ" ಎಂದೆ.

ಮಾರನೆಯ ದಿನವೇ ವಕೀಲಮ್ಮನ ಹತ್ತಿರ ಹೋದೆ. ನಮ್ಮ ಮಗಳಿಗಿಂತ ಚಿಕ್ಕವಳು, ನೆಗಡಿ ಬೇರೆ. ಮೂಗು ಒರೆಸಿಕೊಳ್ಳುತ್ತಲೇ ಪೂರ್ತಿ ಕೇಳಿದಳು. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೊದಲನೆಯದಾಗಿ ಆ ಹಣ ನಿನ್ನದು. ತಮ್ಮ ಅದನ್ನು ನಿನ್ನ ಪರವಾಗಿ ಪಡೆಯುವವನು ಅಷ್ಟೆ, ಅದರ ಯಜಮಾನ ಅಲ್ಲ. ನಿನಗೆ ಖರ್ಚು ಮಾಡದೆ ಬೇರೆಯದಕ್ಕೆ ಹಾಕಿದರೆ ಅದು ದುರುಪಯೋಗ, ಒಡಹುಟ್ಟಿದವನಾದರೂ ಸರಿ. ನೀನೇ ಹೋಗಿ "ನನ್ನ ವ್ಯವಹಾರ ನಾನೇ ನೋಡಿಕೊಳ್ಳುತ್ತೇನೆ, ಇವನನ್ನು ತೆಗೆಯಿರಿ" ಎಂದು ಅರ್ಜಿ ಕೊಡಬಹುದು. ಅದಕ್ಕೆ ಜಗಳ ಬೇಕಿಲ್ಲ, ಕೋರ್ಟೂ ಬೇಕಿಲ್ಲ. ನಿನಗೆ ಬುದ್ಧಿ ನೆಟ್ಟಗಿದೆ ಎಂದು ಡಾಕ್ಟರ ಸರ್ಟಿಫಿಕೇಟು ಮತ್ತು ನಿನ್ನ ಹೆಸರಿನ ಬ್ಯಾಂಕ್ ಖಾತೆ ಇದ್ದರೆ ಸಾಕು. ಅರ್ಜಿ ಕೊಟ್ಟ ಮೇಲೆ ಕಚೇರಿಯವರು ಅವನನ್ನೂ ಕರೆಸಿ ವಿಚಾರಣೆ ಮಾಡುತ್ತಾರೆ.

ಹೋದ ಹಣದ ಮಾತು ಬೇರೆ. ಅದನ್ನು ಕಂತಿನಲ್ಲಿ ವಾಪಸು ಕೊಡುತ್ತೇನೆ ಎಂದು ಅವನು ಒಪ್ಪಿದರೆ ಕಾನೂನು ನೆರವಿನ ಕೇಂದ್ರದಲ್ಲೇ ಕೂರಿಸಿ ಒಪ್ಪಂದ ಬರೆಸುತ್ತಾರಂತೆ. ಒಪ್ಪದಿದ್ದರೆ ದಾವೆ, ಅದು ಎಷ್ಟು ದಿನ ಎಳೆಯುತ್ತದೋ ಅವಳಿಗೂ ಗೊತ್ತಿಲ್ಲ. ಇನ್ನು ಸುಳ್ಳು ಎಂದು ಗೊತ್ತಿದ್ದೂ ವರ್ಷ ವರ್ಷ ರುಜು ಹಾಕಿದ್ದು ಸರ್ಕಾರಕ್ಕೇ ಮೋಸ. ಅದನ್ನು ಪೊಲೀಸಿಗೆ ಕೊಡಬಹುದು. ಕೊಟ್ಟರೆ ಮುಂದಿನದು ನಿನ್ನ ಕೈಯಲ್ಲಿ ಇರುವುದಿಲ್ಲ ಎಂದು ಎರಡು ಸಲ ಹೇಳಿದಳು.

ನನ್ನನ್ನು ಕೇಳಿದರೆ ಪೊಲೀಸು. ಖಾತೆ ಇವತ್ತೇ ತೆಗೆ, ಅವನಿಗೆ ಹೇಳಬೇಡ, ಯಾವ ಕಾಗದಕ್ಕೂ ರುಜು ಹಾಕಬೇಡ. ಮೀಸೆಯ ವಿಷಯ ವಕೀಲಮ್ಮನಿಗೆ ಹೇಳಲಿಲ್ಲ. ಅದಕ್ಕೆ ಯಾವ ಸೆಕ್ಷನ್ನೂ ಇರಲಾರದು.

ಉದ್ದಿ

*

ಫೆಬ್ರವರಿ ೨೮

ಉದ್ದಿ,

ಖಾತೆ ತೆಗೆದೆ. ನೀನು ಹೇಳಿದ್ದರಲ್ಲಿ ಒಂದನ್ನು ಕೇಳಿದೆ, ಒಂದನ್ನು ಕೇಳಲಿಲ್ಲ. ಅವನಿಗೆ ಹೇಳಿಬಿಟ್ಟೆ.

ಹೇಳದೆ ಇರುವುದು ನನ್ನಿಂದ ಆಗಲಿಲ್ಲ ಕಣೆ. ಒಂದೇ ಮೇಜಿನಲ್ಲಿ ಎದುರೆದುರು ಕೂತು ಉಣ್ಣುವವನು. ಮೂರು ದಿನ ಬೇಗ ಉಂಡು ಎದ್ದುಹೋದೆ, ನಾಲ್ಕನೆಯ ದಿನ ಕೇಳಿಯೇಬಿಟ್ಟೆ. "ನಂಗೆ ತಿಳಿವಳಿಕೆ ಇಲ್ಲ ಅಂತ ವರ್ಷ ವರ್ಷ ಬರ್ಕೊಡ್ತೀಯಂತೆ, ಹೌದಾ?" ನನ್ನ ದನಿ ನನಗೆ ಕೇಳಿಸುವುದಿಲ್ಲ. ಪಕ್ಕದ ಮನೆಯವರು ಕಿಟಕಿ ತೆರೆದರು, ಅಂದರೆ ಜೋರಾಗಿಯೇ ಬಂದಿರಬೇಕು.

ಅವನು ಲೋಟ ಕೆಳಗಿಟ್ಟ. ಮೀಸೆ ಅಲ್ಲಾಡಿತು. ಏನೋ ಉದ್ದಕ್ಕೆ ಹೇಳಿದ. ಒಂದು ಶಬ್ದವೂ ನನ್ನ ಕೈಗೆ ಸಿಗಲಿಲ್ಲ. "ಬಿಡಿಸಿ ಹೇಳು" ಎಂದೆ. ಮುಖವನ್ನು ಹೆಂಡತಿಯ ಕಡೆ ತಿರುಗಿಸಿ ಮತ್ತೆ ಹೇಳಿದ. ನಾನು ಅವಳ ಮುಖ ನೋಡಿದೆ. "ಅವ್ರಿಗೆ ಎಲ್ಲಾ ಗೊತ್ತಾಗಿದೆ ಕಣ್ರೀ, ಇನ್ನೇನು ಮುಚ್ಚಿಡೋದು" ಎಂದವು ಅವಳ ತುಟಿಗಳು. ಅವಳು ಕೆಟ್ಟವಳಲ್ಲ, ತಲೆ ತಗ್ಗಿಸಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ನನ್ನ ಸ್ಲೇಟು ಮೊಳೆಯಿಂದ ತೆಗೆದು ಬರೆದ. "ಅದು ಬರೀ ಕಾಗದದ ಶಾಸ್ತ್ರ. ಹಾಗೆ ಬರೆಯದಿದ್ದರೆ ನನ್ನ ಕೈಗೆ ಕೊಡುವುದಿಲ್ಲ. ಊಟ ಬಟ್ಟೆಗೆ ನಿನಗೇನು ಕಮ್ಮಿ ಮಾಡಿದ್ದೇನೆ? ತಲೆ ಕೆಡಿಸಿಕೊಳ್ಳಬೇಡ." ತಿಳಿವಳಿಕೆ ಇಲ್ಲ ಎಂದು ಬರೆದುಕೊಟ್ಟವನೇ ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಾನಲ್ಲ ಎಂದು ನಗು ಬಂತು. ನಕ್ಕೆ, ನಿಲ್ಲಿಸಲಾಗದೆ ನಕ್ಕೆ. ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ನನ್ನನ್ನು ಕೈ ಮಾಡಿ ತೋರಿಸಿದ, ನೋಡು ಇವಳನ್ನು ಎನ್ನುವ ಹಾಗೆ. ಆ ಕೈ ನೋಡಿದ ಮೇಲೆ ನನಗೆ ಹೆದರಿಕೆಯಾಗಿದೆ ಉದ್ದಿ. ಇನ್ನು ಈ ಮನೆಯಲ್ಲಿ ನಾನು ನಕ್ಕರೂ ಅದಕ್ಕೊಂದು ಅರ್ಥ, ಅತ್ತರೂ ಅದಕ್ಕೊಂದು ಅರ್ಥ.

ಹಣ ಎಲ್ಲಿ ಹೋಯಿತು ಎಂದು ಹುಡುಕಬೇಕಾಗಿಲ್ಲ. ಅವನ ಅಂಗಡಿಯ ಹೊಸ ಕಪಾಟು, ಅದರೊಳಗಿನ ದೀಪಗಳು, ಕಣ್ಣು ಪರೀಕ್ಷಿಸುವ ಯಂತ್ರ. ನನ್ನ ಕಿವಿ ಹೋದದ್ದಕ್ಕೆ ಬಂದ ಹಣದಲ್ಲಿ ಊರಿನವರ ಕಣ್ಣು ನೋಡುತ್ತಿದ್ದಾನೆ.

ಆದರೂ ಪೊಲೀಸು ಬೇಡ. ಅಮ್ಮ ಹೋದಾಗ ಅವನಿಗೆ ಹಾಲುಹಲ್ಲು. ಅವನು ಮಾತು ಕಲಿತದ್ದೇ ನನ್ನ ತುಟಿ ನೋಡಿ. ಸಂಜೆ ಮಿಲ್ಲಿನ ಗೇಟಿನ ಸರಳು ಹಿಡಿದು ನಿಂತು, ಸದ್ದಿಲ್ಲದೆ ಬಾಯಿ ಅಗಲಿಸಿ "ಅಕ್ಕಾ, ಬಾ, ಮನೆಗೋಗೋಣ" ಎನ್ನುತ್ತಿದ್ದ. ಶಾಲೆಯಲ್ಲೂ ಹಾಗೇ ಮಾಡಿ, ಈ ಮಗುವಿಗೆ ದನಿಯೇ ಇಲ್ಲವೇ ಎಂದು ಮೇಷ್ಟ್ರು ನನ್ನನ್ನು ಕರೆಸಿರಲಿಲ್ಲವೇ? ಅಂಥವನನ್ನು ಸ್ಟೇಷನ್ನಿಗೆ ಹೇಗೆ ಕಳಿಸಲಿ?

ಲಾಳಿ

*

ಮಾರ್ಚ್ ೭

ಲಾಳಿ,

ನಿನಗೆ ಕೇಳಿಸುವ ಹಾಗೆ ಹೇಗೆ ಮಾತಾಡಬೇಕೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನು ಅವನು. ಹೇಗೆ ಮಾತಾಡಿದರೆ ಕೇಳಿಸುವುದಿಲ್ಲ ಎಂಬುದೂ ಅವನಿಗೇ ಚೆನ್ನಾಗಿ ಗೊತ್ತು. ಹಾಲುಹಲ್ಲು ಬಿದ್ದು ಕಾಲವಾಯಿತು, ಈಗಿರುವುದು ಮೀಸೆ. ನೀನು ಅದನ್ನೇ ನೋಡಿಕೊಂಡು ಕೂತಿರು. ನನಗೆ ಚಾದರಗಳಿವೆ.

ಉದ್ದಿ

*

ಮೇ ೯

ಉದ್ದಿ,

ಎರಡು ತಿಂಗಳು ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅದರಲ್ಲಿ ಒಂದು ತಿಂಗಳು ನೀನು ಹೇಳಿದ್ದು ಸುಳ್ಳು ಎಂದು, ಇನ್ನೊಂದು ತಿಂಗಳು ನಿಜ ಎಂದು.

ಅರ್ಜಿ ಕೊಟ್ಟೆ. ಅದಕ್ಕೆ ಮುಂಚೆ ಸರ್ಕಾರಿ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಕಾಯಿತು. ಬಾಗಿಲ ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದೆ. ಇದರಲ್ಲಿ ಫೇಲಾದರೆ ಮುಗಿಯಿತಲ್ಲ ನನ್ನ ಕಥೆ. ಡಾಕ್ಟರು ಒಳ್ಳೆಯವರು, ಎದುರಿಗೆ ಕೂತು ನಿಧಾನವಾಗಿ ತುಟಿ ಬಿಡಿಸಿ ಕೇಳಿದರು. ಇವತ್ತು ಯಾವ ವಾರ, ಈಗ ಯಾವ ತಿಂಗಳು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಬಂದೆ. ಜೀವನವೆಲ್ಲ ಎಳೆ ಎಣಿಸಿದವಳಿಗೆ ಅದೇನು ದೊಡ್ಡದು? ಈಗ ನೀವು ಬನ್ನಿ ಎಂದು ಅವರಿಗೇ ಹೇಳಿದೆ. ಅವರು ಎಪ್ಪತ್ತೊಂಬತ್ತರ ಹತ್ತಿರ ತಡವರಿಸಿದರು.

ನನಗೆ ತಿಳಿವಳಿಕೆ ಇಲ್ಲ ಎಂದು ಆಗ ಆಸ್ಪತ್ರೆಯವರು ಕೊಟ್ಟಿದ್ದ ಹಳೆಯ ಸರ್ಟಿಫಿಕೇಟೂ ತೆಗೆದು ನೋಡಿದರು. ಜ್ವರದಲ್ಲಿ ನಾನು ಬಡಬಡಿಸುತ್ತಿದ್ದಾಗ ನೋಡಿ ಬರೆದದ್ದಂತೆ, ಅದು ಸುಳ್ಳಲ್ಲ. ಆದರೆ ಜ್ವರ ಬಿಟ್ಟ ಮೇಲೂ ಅದನ್ನು ಬಿಡದೆ ಇಟ್ಟುಕೊಂಡವನು ತಮ್ಮ. ಡಾಕ್ಟರಿಗೆ ಇದನ್ನು ನಾನು ಹೇಳಲಿಲ್ಲ, ಅವರೇ ಅರ್ಥ ಮಾಡಿಕೊಂಡರು.

ಈ ತಿಂಗಳ ಕೊನೆಗೆ ವಿಚಾರಣೆ. ನೋಟಿಸು ಅವನ ಅಂಗಡಿಗೆ ಹೋಗಿದೆ. ಮನೆಯಲ್ಲಿ ಈಗ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ, ನನಗೊಬ್ಬಳಿಗೇ ವ್ಯತ್ಯಾಸ ತಿಳಿಯುತ್ತಿಲ್ಲ ಎಂದು ತಮಾಷೆ ಮಾಡಬಹುದಿತ್ತು. ತಿಳಿಯುತ್ತಿದೆ ಕಣೆ.

ಲಾಳಿ

*

ಮೇ ೨೪

ಉದ್ದಿ,

ನನ್ನ ಕನ್ನಡಕ ಅವನ ಕೈಯಲ್ಲಿದೆ. ಮೂಗಿನ ಮೇಲಿನ ಹಿಡಿ ಸಡಿಲವಾಗಿದೆ, ಸರಿ ಮಾಡಿಸುತ್ತೇನೆ ಎಂದು ಸ್ಲೇಟಿನಲ್ಲಿ ಬರೆದು, ನನ್ನ ಮುಖದ ಮೇಲಿಂದ ತಾನೇ ಮೆಲ್ಲಗೆ ತೆಗೆದುಕೊಂಡು ಹೋದ. ಎಷ್ಟೋ ದಿನದ ಮೇಲೆ ಅಷ್ಟು ಹತ್ತಿರ ಬಂದಿದ್ದನಲ್ಲ, ನನಗೆ ಸಂತೋಷವಾಯಿತು, ನೋಡು ನನ್ನ ಬುದ್ಧಿ. ಆಗಿನಿಂದ ದಿನವೂ ನಾಳೆ ಎನ್ನುತ್ತಿದ್ದಾನೆ. ಮೂಗು ಹಾಳೆಗೆ ತಾಗಿಸಿ ಬರೆಯುತ್ತಿದ್ದೇನೆ. ಒಂದು ಮೊಳದಾಚೆ ಎಲ್ಲರ ಮುಖವೂ ಹಿಟ್ಟು ಕಲಸಿದ ಹಾಗೆ. ವಿಚಾರಣೆಯ ಕೋಣೆಯಲ್ಲಿ ಯಾರು ಏನು ಹೇಳಿದರೂ ನಾನು ಪೆದ್ದಿಯ ಹಾಗೆ ಕೂತಿರುತ್ತೇನೆ, ತಿಳಿವಳಿಕೆ ಇಲ್ಲ ಎನ್ನಲು ಅವರಿಗೆ ಅಷ್ಟೇ ಸಾಕು.

ಸೋಮವಾರ ಬೆಳಿಗ್ಗೆ ವಿಚಾರಣೆ. ಬಾ.

ಲಾಳಿ

*

ಜೂನ್ ೨

ಲಾಳಿ,

ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲದೆ ಮೊಣಕಾಲು ಇನ್ನೂ ನೋಯುತ್ತಿದೆ. ನೋಯಲಿ. ತಮ್ಮನ ಮನೆ ಬಿಟ್ಟು ನೀನು ಹಿಡಿದ ಬೇಕರಿಯ ಮೇಲಿನ ಕೋಣೆಯಲ್ಲಿ ನೆಲ ಬಿಸಿ ಹತ್ತುತ್ತದೆ ಎಂದೆಯಲ್ಲ, ದಪ್ಪ ಚಾದರ ಎರಡು ಕಳಿಸುತ್ತಿದ್ದೇನೆ, ತೇಪೆ ಕಾಣುವ ಕಡೆ ಕೆಳಗೆ ಹಾಕಿಕೋ.

ನಿನಗೆ ಹೇಳಬೇಕಾದದ್ದು ಒಂದಿದೆ. ವಿಚಾರಣೆಯ ದಿನ ನಾವಿಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಅವರಾಡಿದ್ದನ್ನೆಲ್ಲ ನಾನು ಮಿಲ್ಲಿನ ಬಾಯಿಯಲ್ಲಿ ನಿನಗೆ ದಾಟಿಸುತ್ತಿದ್ದೆನಲ್ಲ. ನಿನ್ನ ತಮ್ಮ ಎದ್ದು "ಸಾರ್, ಉತ್ತರ ಎಲ್ಲ ಇವ್ರೇ ಹೇಳ್ಕೊಡ್ತಿದಾರೆ" ಎಂದಾಗ ಅಧಿಕಾರಿ ನನ್ನನ್ನು ದೂರ ಕೂರಿಸಿ, ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ನಿನ್ನ ಮುಂದೆ ತಳ್ಳಿದ್ದು ನಿನಗೇ ಗೊತ್ತು. ಈ ಹಣ ನಿಮಗೆ ಏಕೆ ಬರುತ್ತದೆ ಎಂದಿತ್ತು. ನೀನು ಕಟ್ಟಡಕ್ಕೆಲ್ಲ ಕೇಳಿಸುವ ಹಾಗೆ "ಮಗ್ಗ ನನ್ನ ಕಿವಿ ತಿಂದಿದ್ದಕ್ಕೆ" ಎಂದೆ. ಕೈಗೆ ಬಂದರೆ ಏನು ಮಾಡುತ್ತೀರಿ ಎಂದಿತ್ತು. "ನಿಮ್ಮ ಸಂಬಳ ಏನ್ಮಾಡ್ತೀರಿ ಅಂತ ನಾನು ಕೇಳಿದ್ನಾ?" ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಏನಂದರು ಗೊತ್ತೇ? "ಇವ್ರಿಗೆ ತಿಳಿವಳಿಕೆ ಇಲ್ಲ ಅಂದ್ರೆ ಈ ಕಚೇರೀಲಿ ಯಾರಿಗೂ ಇಲ್ಲ." ಕಡತ ಹಿಡಿದು ಬಂದಿದ್ದ ಗಾಜಿನ ಹಿಂದಿನ ಆ ಹುಡುಗಿ ಮುಖ ಕೆಳಗೆ ಹಾಕಿದಳು. ನಿನ್ನ ಹಣ ನಿನ್ನ ಖಾತೆಗೇ ಬರಲಿ ಎಂದು ಆಗಲೇ ಬರೆದರು.

ಆಮೇಲೆ ನನ್ನನ್ನು ಮತ್ತೆ ಹತ್ತಿರ ಕೂರಿಸಿದರು. ಹಳೆಯ ಹಣದ ವಿಷಯ, ಕಂತಿನ ಒಪ್ಪಂದವೋ ಪೊಲೀಸೋ, ಜೂನ್ ಕೊನೆಯೊಳಗೆ ಬರೆದು ತಿಳಿಸಿ ಎಂದರು. ಆಗ ನೀನು ನನ್ನನ್ನು ಕೇಳಿದೆ, "ಅವ್ನು ಏನ್ ಮಾಡ್ತಿದಾನೆ?" ನಾನು "ಸುಮ್ನೆ ಕೂತಿದಾನೆ" ಎಂದೆ.

ಸುಮ್ಮನೆ ಕೂತಿರಲಿಲ್ಲ. ಅಳುತ್ತಿದ್ದ. ಎದ್ದು ನಿಂತು, ಎರಡು ಬೆರಳಲ್ಲಿ ಆ ಮೀಸೆ ಮೇಲಕ್ಕೆತ್ತಿ ಹಿಡಿದು, ಬಾಯಿ ಅಗಲಿಸಿ, ಸದ್ದಿಲ್ಲದೆ ನಿನಗೆ ಹೇಳುತ್ತಿದ್ದ. "ಅಕ್ಕಾ, ಬಾ, ಮನೆಗೋಗೋಣ." ಎರಡು ಸಲ ಹೇಳಿದ. ನೀನು ಅವನ ಕಡೆಗೇ ಮುಖ ಮಾಡಿ ಕೂತಿದ್ದೆ, ನಿನಗೆ ಏನೂ ಕಾಣುತ್ತಿರಲಿಲ್ಲ. ನಿನ್ನ ಕನ್ನಡಕ ಕಿತ್ತುಕೊಂಡವನು ತಾನೇ ಎಂಬುದು ಅವನಿಗೆ ಆ ಹೊತ್ತಿಗೆ ಮರೆತೇ ಹೋಗಿತ್ತು.

ಹೇಳಿದ್ದರೆ ನೀನು ಅಲ್ಲೇ ಎದ್ದು ಹೋಗಿ ಅವನ ಮೂಗು ಒರೆಸುತ್ತಿದ್ದೆ. ನನಗೆ ಅದು ಬೇಕಿರಲಿಲ್ಲ. ಊರಿಗೆ ಬಂದ ಮೇಲೆ ಯೋಚನೆ ಮಾಡಿದೆ. ನಿನ್ನ ಕಿವಿಯಾಗಿ ಕೂತವಳು ನಾನು, ಯಾವುದನ್ನು ಕೇಳಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಅಧಿಕಾರ ನನಗೆ ಯಾರು ಕೊಟ್ಟರು? ಅವನು ಮಾಡಿದ್ದೂ ಅದನ್ನೇ. ಈಗ ನಿನಗೆ ಎಲ್ಲ ಗೊತ್ತಾಯಿತು. ಏನು ಬರೆದುಕೊಡುತ್ತೀಯೋ ನಿನಗೆ ಬಿಟ್ಟದ್ದು. ಪೊಲೀಸು ಎಂದು ನಾನಿನ್ನು ಹೇಳುವುದಿಲ್ಲ.

ಉದ್ದಿ

*

ಜೂನ್ ೮

ಉದ್ದಿ,

ನಿನ್ನ ಕಾಗದ ಓದಿ ಒಂದಿಡೀ ದಿನ ನಿನ್ನನ್ನು ಬೈದೆ. ಬೇಕರಿಯವಳು ಮೇಲೆ ಬಂದು ಯಾರ ಜೊತೆ ಜಗಳ ಎಂದು ನೋಡಿ ಹೋದಳು.

ನೀನು ಹೇಳಿದ್ದು ಸರಿ, ಅಲ್ಲೇ ಎದ್ದು ಹೋಗುತ್ತಿದ್ದೆ. ಹೋಗಿದ್ದರೆ ಇವತ್ತು ಮತ್ತೆ ಅವನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆ. ಹಾಗೆಂದು ನಿನಗೆ ಮಾಫಿ ಇಲ್ಲ. ಮುಂದಿನ ಸಲ ಎಲ್ಲವನ್ನೂ ಹೇಳು, ನನ್ನ ಕಾಲು ಎತ್ತ ಹೋಗಬೇಕೆಂದು ನಾನೇ ನೋಡಿಕೊಳ್ಳುತ್ತೇನೆ.

ಚಾದರ ತಲುಪಿದವು. ಒಂದರ ಮೂಲೆಯಲ್ಲಿ ನಿನ್ನ ಸೆರಗಿನ ತುಂಡು ಇನ್ನೂ ಇದೆ.

ಲಾಳಿ

*

ಜೂನ್ ೧೫

ತಮ್ಮಾ,

ಕನ್ನಡಕವನ್ನು ನಿನ್ನ ಹೆಂಡತಿ ತಂದುಕೊಟ್ಟಳು. ಹಿಡಿ ಸರಿಯಾಗಿದೆ. ಹೊಸ ಗಾಜನ್ನೂ ಹಾಕಿದ್ದೀಯ, ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಕೆಲಸದಲ್ಲಿ ನೀನು ಯಾವತ್ತೂ ಮೋಸ ಮಾಡಿದವನಲ್ಲ.

ನಿನ್ನೆ ಸಂಜೆ ನೀನು ಎದುರಿನ ಫುಟ್‌ಪಾತಿನಲ್ಲಿ ನಿಂತು ಈ ಕಿಟಕಿಯನ್ನೇ ನೋಡುತ್ತಿದ್ದೆ. ನಿನ್ನ ಕೈ ಮೀಸೆಗೆ ಹೋದದ್ದನ್ನು ಕಂಡೆ. ತಕ್ಷಣ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡೆ. ನೀನು ಎಷ್ಟು ಹೊತ್ತು ನಿಂತಿದ್ದೆಯೋ ಗೊತ್ತಿಲ್ಲ. ನಾನು ಅದನ್ನು ಮತ್ತೆ ಹಾಕಿಕೊಂಡಾಗ ಬೀದಿ ದೀಪ ಹತ್ತಿತ್ತು, ನೀನಿರಲಿಲ್ಲ.

ಕೋಪಕ್ಕೆ ಹಾಗೆ ಮಾಡಲಿಲ್ಲ. ವಿಚಾರಣೆಯ ದಿನ ನೀನು ಏನು ಹೇಳಿದೆ ಎಂದು ನನಗೆ ಈಗ ಗೊತ್ತಿದೆ, ಉದ್ದಿ ಬರೆದಳು. ಓದಿ ಅತ್ತೆ. ನಿನ್ನೆ ಅದನ್ನು ಕಣ್ಣಾರೆ ನೋಡಿದ್ದರೆ ಇಳಿದು ಬಂದುಬಿಡುತ್ತಿದ್ದೆ, ಅದಕ್ಕೇ ನೋಡಲಿಲ್ಲ. ಗೇಟಿನ ಸರಳು ಹಿಡಿದು ನಿಂತ ಮಗು ಕರೆದರೆ ನನಗೆ ತಡೆಯಲಾಗುವುದಿಲ್ಲ. ಅದು ನಿನಗೂ ಗೊತ್ತು.

ಈಗ ಕೇಳು. ಹಣದ ವಿಷಯದಲ್ಲಿ ಕಾನೂನು ನೆರವಿನ ಕೇಂದ್ರದವರ ಜೊತೆ ಮಾತಾಡಿದ್ದೇನೆ. ಅಂಗಡಿಗೆ ಏಟು ಬೀಳದ ಹಾಗೆ ಕಂತು ಮಾಡಿಕೊಡುತ್ತಾರೆ, ನಿನಗೆ ಆಗುವಷ್ಟು ಕಟ್ಟು. ಅದು ತಡವಾದರೂ ನಾನು ಬಾಯಿ ಬಿಡುವುದಿಲ್ಲ. ಬಾಯಿಬಿಟ್ಟು ಕೇಳಿ ತೆಗೆದುಕೊಂಡಿದ್ದರೆ ಪೂರ್ತಿ ಕೊಟ್ಟುಬಿಡುತ್ತಿದ್ದೆ. ನೀನು ಕೇಳಲಿಲ್ಲ. ಕೇಳುವುದಕ್ಕಿಂತ ನನ್ನನ್ನು ಬುದ್ಧಿಗೇಡಿ ಮಾಡುವುದು ಸುಲಭ ಎನಿಸಿತು ನಿನಗೆ.

ಅದನ್ನು ಮಾತ್ರ ಬಿಡುವುದು ನನ್ನಿಂದ ಆಗುತ್ತಿಲ್ಲ. ವರ್ಷಕ್ಕೊಂದು ಸಲ ಆ ಕಚೇರಿಗೆ ಹೋಗಿ, ಅಕ್ಕನ ಸ್ಥಿತಿ ಹಾಗೇ ಇದೆ ಎಂದು ರುಜು ಹಾಕಿ, ಸಂಜೆ ಬಂದು ನನ್ನೆದುರು ಕೂತು ಊಟ ಮಾಡಿದ್ದೀಯ. ನಾನು ಬಡಿಸಿದ್ದೇನೆ. ಆ ಸಂಜೆಗಳಲ್ಲಿ ನಿನ್ನ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಮೀಸೆ ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಈ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಅದೇ ಕೋಣೆಗೆ ಬಾ. ಅಧಿಕಾರಿ ಇರುತ್ತಾರೆ, ಗಾಜಿನ ಹಿಂದಿನ ಹುಡುಗಿಯರನ್ನೂ ಕರೆಯಿರಿ ಎಂದು ಕೇಳಿಕೊಂಡಿದ್ದೇನೆ. ಅವರೆಲ್ಲರ ಎದುರು, ನನ್ನ ಅಕ್ಕನಿಗೆ ತಿಳಿವಳಿಕೆ ಇತ್ತು, ನನಗದು ಗೊತ್ತಿತ್ತು, ಸುಳ್ಳು ಹೇಳಿದೆ ಎಂದು ಹೇಳಬೇಕು. ಮುಚ್ಚಿಟ್ಟು ಕರೆಯುವುದಿಲ್ಲ. ಹಾಗೆ ಒಪ್ಪಿಕೊಂಡರೆ ಅದನ್ನು ಅವರು ಬರೆದುಕೊಳ್ಳುತ್ತಾರೆ, ಮುಂದೆ ನಿನ್ನ ಮೇಲೆಯೇ ಬರಲೂಬಹುದು ಎಂದು ವಕೀಲರು ಹೇಳಿದ್ದಾರೆ. ನಾನಾಗಿ ಪೊಲೀಸಿಗೆ ಕೊಡುವುದಿಲ್ಲ ಎಂದಷ್ಟೇ ನಾನು ಮಾತು ಕೊಡಬಲ್ಲೆ. ನೀನು ಬರದೇ ಹೋದರೆ, ಅದೇ ದಿನ, ಅದೇ ಮೇಜಿನ ಮೇಲೆ ದೂರಿಗೆ ರುಜು ಹಾಕುತ್ತೇನೆ. ಈ ಸಲ ಓದಿಯೇ ಹಾಕುತ್ತೇನೆ.

ಬೀದಿಯಲ್ಲಿ ನಿಂತು ಸದ್ದಿಲ್ಲದೆ ಹೇಳುವ ಮಾತು ನನ್ನೊಬ್ಬಳಿಗೆ. ತಿಳಿವಳಿಕೆ ಇಲ್ಲ ಎಂದದ್ದು ನೀನು ಎಲ್ಲರಿಗೂ. ಅದಕ್ಕೇ ಅಲ್ಲಿಗೆ ಬಾ ಎನ್ನುತ್ತಿದ್ದೇನೆ, ಮನೆಗಲ್ಲ.

ಮೀಸೆ ತೆಗೆದು ಬಾ. ಅವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳು. ನಾನು ಎದುರಿನ ಕುರ್ಚಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿರುತ್ತೇನೆ, ನನಗೆ ಬಿಡಿಸಿ ಹೇಳು.

ನಿನ್ನ
ಅಕ್ಕ